ಮನೆಯಲ್ಲೇ ಬಣ್ಣ ಹೊಡೆದ ಝೆನ್‌ಗೆ ವಾಟರ್ ಪೇಪರ್, ಮಷಿನ್, ಕಾಂಪೌಂಡ್: ಯಾವುದಕ್ಕೆ ದುಡ್ಡು ಹಾಕಬಹುದು?

ಮೊದಲೇ ತೀರ್ಪು ಹೇಳಿಬಿಡುತ್ತೇನೆ. ಪೂರ್ತಿ ಓದುವ ತಾಳ್ಮೆ ಇಲ್ಲದವರು ಇಲ್ಲಿಂದಲೇ ಅಂಗಡಿಗೆ ಹೊರಡಬಹುದು. ಮನೆಯಲ್ಲಿ ಬಣ್ಣ ಹೊಡೆದ ಕಾರಿನ ಕ್ಲಿಯರ್ ಕೋಟ್‌ನಲ್ಲಿ (ಬಣ್ಣದ ಮೇಲಿನ ಪಾರದರ್ಶಕ ಪದರದಲ್ಲಿ) ಮುಖ ಕಾಣಬೇಕು ಅಂದರೆ, ಒಳ್ಳೆ ವಾಟರ್ ಪೇಪರ್, ಅಂದರೆ ನೀರು ಹಾಕಿ ಉಜ್ಜುವ ಹಾಳೆ, ತಗೊಳ್ಳಿ. ಉಳಿದ ದುಡ್ಡಿನಲ್ಲಿ ಮಷಿನ್ನು, ಕಾಂಪೌಂಡ್ (ಪಾಲಿಶ್ ಮಾಡುವ ಪೇಸ್ಟು) ಬಾಟಲಿ ನೋಡಿಕೊಳ್ಳಿ. ಎಲ್ಲರೂ ಇದನ್ನು ಉಲ್ಟಾ ಮಾಡುತ್ತಾರೆ. ಪಾಲಿಶ್ ಮಷಿನ್‌ಗೆ ಸಾವಿರಗಟ್ಟಲೆ ಹಾಕಿ, ಪೇಪರ್ ಮಾತ್ರ ಹತ್ತಿರದ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಕ್ಕಿದ್ದು ತರುತ್ತಾರೆ.

ನಾನು ಬಳಸಿದ್ದರಲ್ಲಿ ಪೂರ್ತಿ ಅಂಕ 3ಎಂ ಕಂಪನಿಯ ವೆಟ್‌ಆರ್‌ಡ್ರೈ ಹಾಳೆಗಳಿಗೆ ಮತ್ತು ಮಷಿನ್‌ಗೆ ಹಾಕಿ ಉಜ್ಜುವ ಅವರದೇ ಟ್ರೈಜ್ಯಾಕ್ಟ್ 3000 ಡಿಸ್ಕ್‌ಗೆ. ಕೊನೆಯ ಹೊಳಪಿಗೆ ಮೆಗ್ವಾಯರ್ಸ್ 205 ಪಾಲಿಶ್. ಮಷಿನ್ ಬಗ್ಗೆ ಆಮೇಲೆ ಹೇಳುತ್ತೇನೆ.

ನಾನು ಪೀಣ್ಯದಲ್ಲಿ ಸರ್ಫೇಸ್ ಗ್ರೈಂಡರ್ (ಲೋಹದ ಮೈ ಮಟ್ಟ ಮಾಡುವ ಮಷಿನ್) ಮೇಲೆ ಕೆಲಸ ಮಾಡುವವನು. ಡೈ ಪ್ಲೇಟು, ಪ್ಯಾರಲಲ್ ಬ್ಲಾಕು ಇಂಥವು. ದಿನವಿಡೀ ಮೈಕ್ರಾನ್ ಲೆಕ್ಕ, ಅಂದರೆ ಮಿಲಿಮೀಟರ್‌ನ ಸಾವಿರದಲ್ಲೊಂದು ಭಾಗದ ಲೆಕ್ಕ. ಬಣ್ಣದ ಕೆಲಸ ನನ್ನದಲ್ಲ, ಆದರೆ ಉಜ್ಜುವ ಕೆಲಸ ನನ್ನದೇ. ಕಾರು 2002ರ ಮಾರುತಿ ಝೆನ್, ಕಡು ನೀಲಿ ಮೆಟಾಲಿಕ್. ಬಾನೆಟ್ಟು, ಟಾಪು ಎರಡರ ಕ್ಲಿಯರ್ ಬಿಸಿಲಿಗೆ ಎದ್ದು ಹಕ್ಕಳೆ ಹಕ್ಕಳೆಯಾಗಿ ಕಿತ್ತು ಬರುತ್ತಿತ್ತು. ಪೂರ್ತಿ ಪೇಂಟ್‌ಗೆ ಗ್ಯಾರೇಜ್‌ನವರು ಹೇಳಿದ ರೇಟು ಗಾಡಿ ಮಾರಿದರೆ ಸಿಗುವ ದುಡ್ಡಿನ ಹತ್ತಿರಕ್ಕೇ ಬಂತು. ಸರಿ, ಶಾಪ್‌ನ ಕಂಪ್ರೆಸರ್ ಕೇಳಿ ತಂದೆ. 1.3 ಎಂಎಂ ನಾಜಲ್‌ನ ಗನ್ನು, ಮನೆ ಹಿಂದಿನ ತಗಡಿನ ಶೆಡ್ಡು, ನೆಲಕ್ಕೆ ನೀರು ಚಿಮುಕಿಸಿದ್ದು. ಅಷ್ಟರಲ್ಲೇ ಹೊಡೆದೆ. ಮೊದಲಿದ್ದ ಬಣ್ಣವೇ ಆದ್ದರಿಂದ ಆರ್‌ಸಿಯ ತಂಟೆ ಇಲ್ಲ.

ಬೇಸ್ ಕೋಟ್, ಅಂದರೆ ಬಣ್ಣದ ಪದರ, ಚೆನ್ನಾಗಿಯೇ ಕೂತಿತು. ಕ್ಲಿಯರ್ ಮಾತ್ರ ಶೆಡ್ಡಿನ ಕ್ಲಿಯರ್ ಹಾಗೇ ಬಂತು. ಮೈಯೆಲ್ಲಾ ಆರೆಂಜ್ ಪೀಲ್, ಅಂದರೆ ಕಿತ್ತಳೆ ಸಿಪ್ಪೆಯ ಹಾಗೆ ಉಬ್ಬುತಗ್ಗು. ಬಲಗಡೆ ಹಿಂದಿನ ಡೋರ್‌ನಲ್ಲಿ ಕ್ಲಿಯರ್ ಕೆಳಗಿಳಿದು ಗಟ್ಟಿಯಾದ ಒಂದು ಸೋರಿಕೆ. ಟಾಪ್ ಮೇಲೆ ಧೂಳಿನ ಕಾಳು, ಜೊತೆಗೆ ಒಂದು ಸೊಳ್ಳೆ, ರೆಕ್ಕೆ ಸಮೇತ. ಧೂಳು ಬರದಂತೆ ಮುಚ್ಚಿದ ಪೇಂಟ್ ಬೂತ್ ಇಲ್ಲದೆ ಹೊಡೆದರೆ ಇದೆಲ್ಲ ಇದ್ದದ್ದೇ. ಗನ್ನಿನಿಂದ ಬಿದ್ದ ಹನಿಗಳು ಒಂದಕ್ಕೊಂದು ಕೂಡಿ ಹರಡಿಕೊಳ್ಳುವ ಮೊದಲೇ ಥಿನ್ನರ್ ಆರಿಹೋದರೆ ಮೇಲ್ಮೈ ಉಬ್ಬುತಗ್ಗಾಗಿಯೇ ಗಟ್ಟಿಯಾಗುತ್ತದೆ. ನಮ್ಮ ಬಿಸಿಲಿಗೆ ಥಿನ್ನರ್ ಬೇಗ ಆರುತ್ತದೆ, ಅಲ್ವಾ. ಅಂದಹಾಗೆ ಶೋರೂಂನಿಂದ ಇಳಿದ ಹೊಸ ಕಾರಿನಲ್ಲೂ ಸ್ವಲ್ಪ ಆರೆಂಜ್ ಪೀಲ್ ಇರುತ್ತದೆ. ಟ್ಯೂಬ್‌ಲೈಟ್‌ನ ಬಿಂಬ ಡೋರ್ ಮೇಲೆ ಬೀಳುವ ಹಾಗೆ ನಿಂತು ನೋಡಿ, ಗೆರೆಯ ಅಂಚು ನಡುಗುತ್ತಿರುತ್ತದೆ. ಒಮ್ಮೆ ಕಣ್ಣಿಗೆ ಬಿದ್ದರೆ ಮುಗಿಯಿತು, ಆಮೇಲೆ ಯಾರ ಕಾರು ನೋಡಿದರೂ ಅದೇ ಕಾಣುತ್ತದೆ.

ಕ್ಲಿಯರ್ ಬಗ್ಗೆ ಎರಡು ಮಾತು ಸಾಕು. ಉಜ್ಜಿ ಪಾಲಿಶ್ ಮಾಡುವ ಯೋಚನೆ ಇದ್ದರೆ ಹಾರ್ಡ್‌ನರ್ ಬೆರೆಸುವ 2ಕೆ ಕ್ಲಿಯರ್ ಬಿಟ್ಟು ಬೇರೆ ಬೇಡ. ಸ್ಪ್ರೇ ಡಬ್ಬಿಯಲ್ಲಿ ಬರುವ ಮಾಮೂಲಿ ಕ್ಲಿಯರ್ ಬರೀ ಥಿನ್ನರ್ ಆರಿ ಗಟ್ಟಿಯಾಗುವಂಥದ್ದು. ಪೆಟ್ರೋಲ್ ಚೆಲ್ಲಿದರೂ ಮೆತ್ತಗಾಗುತ್ತದೆ, ಮಷಿನ್ ಬಿಸಿಗೂ ಮೆತ್ತಗಾಗುತ್ತದೆ. ಎರಡನೆಯ ಮಾತು: 2ಕೆ ಹಾರ್ಡ್‌ನರ್‌ನಲ್ಲಿ ಐಸೋಸಯನೇಟ್ ಇದೆ. ಅದರ ಮಂಜು ಉಸಿರಿಗೆ ಹೋದರೆ ಆಸ್ತಮಾ ಬರಬಹುದು, ಬಂದರೆ ಹೋಗುವುದು ಕಷ್ಟ. ಬಟ್ಟೆ ಮಾಸ್ಕ್, ಕೋವಿಡ್ ಮಾಸ್ಕ್ ಇದಕ್ಕೆ ಲೆಕ್ಕಕ್ಕಿಲ್ಲ. ಹೊರಗಿನ ಶುದ್ಧ ಗಾಳಿ ಪೈಪ್‌ನಲ್ಲಿ ಬರುವ ಮಾಸ್ಕ್ ಹೊಂದಿಸಲು ಆಗದಿದ್ದರೆ ಕ್ಲಿಯರ್ ಹೊಡೆಯುವ ಭಾಗ ಮಾತ್ರ ಪೇಂಟರ್‌ಗೆ ಕೊಟ್ಟು, ಉಜ್ಜುವುದನ್ನು ನೀವು ಇಟ್ಟುಕೊಳ್ಳಿ. ಇದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ.

ಈಗ ದಪ್ಪದ ವಿಷಯ. ಪೇಪರ್ ಯಾವುದು ಅನ್ನುವುದಕ್ಕಿಂತ ಮೊದಲು ಇದು ತಲೆಗೆ ಹೋಗಬೇಕು. ಕಾರ್ಖಾನೆಯಿಂದ ಬಂದ ಕಾರಿನಲ್ಲಿ ಪ್ರೈಮರ್, ಬಣ್ಣ, ಕ್ಲಿಯರ್ ಎಲ್ಲಾ ಸೇರಿ ಸುಮಾರು 100ರಿಂದ 150 ಮೈಕ್ರಾನ್. ಅದರಲ್ಲಿ ಕ್ಲಿಯರ್ ಪಾಲು 40-50 ಅಷ್ಟೇ. ಗನ್ನಿನಲ್ಲಿ ಹೊಡೆದ 2ಕೆ ಕ್ಲಿಯರ್ ಎರಡು ಕೋಟ್‌ಗೆ ಸಾಮಾನ್ಯವಾಗಿ 50-60 ಮೈಕ್ರಾನ್ ನಿಲ್ಲುತ್ತದೆ. ಆರೆಂಜ್ ಪೀಲ್ ಮಟ್ಟ ಮಾಡಲು 10ರಿಂದ 20 ಮೈಕ್ರಾನ್ ಹೋಗುತ್ತದೆ. ನಮ್ಮ ಗ್ರೈಂಡರ್‌ನಲ್ಲಿ 20 ಮೈಕ್ರಾನ್ ಅಂದರೆ ಎರಡು ಪಾಸ್, ಒಂದು ಕಾಫಿ ಕೂಡ ಮುಗಿಯುವುದಿಲ್ಲ. ಇಲ್ಲಿ ಅದು ಆಸ್ತಿಯ ಮೂರನೇ ಒಂದು ಭಾಗ. ಅದಕ್ಕೇ ನಾನು ಕ್ಲಿಯರ್ ಮೂರು ಕೋಟ್ ಹೊಡೆದೆ, ಮೂರನೆಯದು ಉಜ್ಜಿ ಕಳೆಯುವುದಕ್ಕೇ ಅಂತ. ಬಿಸಿಲಿನ ಅತಿನೇರಳೆ ಕಿರಣ ತಡೆಯುವ ರಾಸಾಯನಿಕ ಇರುವುದೂ ಆ ಕ್ಲಿಯರ್‌ನಲ್ಲೇ. ಹೊಳಪಿನ ಆಸೆಗೆ ಅದನ್ನು ತೀರಾ ತೆಳ್ಳಗೆ ಮಾಡಿದರೆ ನಾಲ್ಕು ಬೇಸಿಗೆ ಕಳೆಯುವಷ್ಟರಲ್ಲಿ ಮತ್ತೆ ಹಕ್ಕಳೆ ಏಳುತ್ತದೆ.

ಪೀಣ್ಯದಲ್ಲಿ ಪೌಡರ್ ಕೋಟಿಂಗ್ ಮಾಡುವವರ ಹತ್ತಿರ ಕೋಟಿಂಗ್ ದಪ್ಪ ಅಳೆಯುವ ಗೇಜ್ ಇರುತ್ತದೆ. ಪರಿಚಯದವರಿಂದ ಅದನ್ನು ತಂದು ಬಾನೆಟ್ ಮೇಲೆ ಚಾಕ್‌ಪೀಸ್‌ನಲ್ಲಿ ಚೌಕ ಹಾಕಿ ಅಳೆದೆ. ಉಜ್ಜುವ ಮೊದಲು 240ರ ಆಸುಪಾಸು, ಎಲ್ಲಾ ಮುಗಿದ ಮೇಲೆ 220 ಚಿಲ್ಲರೆ. ಈ ಗೇಜ್ ಎಲ್ಲಾ ಪದರ ಸೇರಿಸಿ ಹೇಳುತ್ತದೆ, ಕ್ಲಿಯರ್ ಒಂದನ್ನೇ ಹೇಳುವುದಿಲ್ಲ. ಪ್ಲಾಸ್ಟಿಕ್ ಬಂಪರ್ ಮೇಲೆ ಏನೂ ಹೇಳುವುದಿಲ್ಲ. ಆದರೂ ಎಷ್ಟು ಹೋಯಿತು ಅಂತ ತಿಳಿಯಲು ಅಷ್ಟು ಸಾಕು. ಕೊಳ್ಳುವ ಅಗತ್ಯ ಇಲ್ಲ, ಬಾಡಿಗೆಗೋ ಸ್ನೇಹಕ್ಕೋ ಸಿಕ್ಕರೆ ತನ್ನಿ.

ಪೇಪರ್‌ಗೆ ಬರೋಣ.

ವಾಟರ್ ಪೇಪರ್‌ನ ಕಪ್ಪು ಪುಡಿ ಸಿಲಿಕಾನ್ ಕಾರ್ಬೈಡ್. 1891ರಲ್ಲಿ ಅಮೆರಿಕದ ಎಡ್ವರ್ಡ್ ಅಚೆಸನ್ ಕೃತಕ ವಜ್ರ ಮಾಡಲು ಹೋದಾಗ ಸಿಕ್ಕಿದ್ದು. ಅವನು ಇಟ್ಟ ಹೆಸರು ಕಾರ್ಬೊರಂಡಮ್. ಕಾರ್ಬೈಡ್ ಟೂಲ್ ಸಾಣೆ ಹಿಡಿಯುವ ಹಸಿರು ಚಕ್ರದಲ್ಲಿ ಇರುವುದೂ ಇದೇ. ಈ ಪುಡಿಯ ತುದಿ ಚೂಪು, ಒಡೆದರೆ ಮತ್ತೆ ಹೊಸ ಚೂಪು ತುದಿ ಬರುತ್ತದೆ. ನೀರಿನಲ್ಲಿ ನೆನೆಸಿದರೂ ಬಿಡದ ಹಾಳೆಯಾಗಿ ಇದನ್ನು ಮಾಡಿದವನು ಫ್ರಾನ್ಸಿಸ್ ಓಕಿ. 1921ರಲ್ಲಿ 3ಎಂ ಅದನ್ನು ವೆಟ್‌ಆರ್‌ಡ್ರೈ ಅಂತ ಮಾರುಕಟ್ಟೆಗೆ ತಂದಿತು. ಅಲ್ಲಿಯವರೆಗೆ ಕಾರಿನ ಬಣ್ಣವನ್ನು ಒಣಗಿದ್ದ ಹಾಗೇ ಉಜ್ಜಬೇಕಿತ್ತು, ಸೀಸ ಇರುವ ಬಣ್ಣದ ಧೂಳು ಕೆಲಸಗಾರರ ಎದೆಗೆ ಇಳಿಯುತ್ತಿತ್ತು. ಇನ್ನೊಂದು ತಮಾಷೆ ಇದೆ. ಅದೇ ಕಂಪನಿಯ ರಿಚರ್ಡ್ ಡ್ರೂ ಈ ಹಾಳೆಯ ಸ್ಯಾಂಪಲ್ ಹಿಡಿದು ಕಾರ್ ಪೇಂಟಿಂಗ್ ಶಾಪ್‌ಗಳಿಗೆ ಓಡಾಡುತ್ತಿದ್ದ. ಎರಡು ಬಣ್ಣದ ಕಾರಿನಲ್ಲಿ ಅಂಟಿಸಿದ ಕಾಗದ ಕೀಳುವಾಗ ಬಣ್ಣವೂ ಕಿತ್ತು ಬಂದು ಪೇಂಟರ್‌ಗಳು ಬೈಯುವುದನ್ನು ಕೇಳಿಸಿಕೊಂಡು, 1925ರಲ್ಲಿ ಮಾಸ್ಕಿಂಗ್ ಟೇಪ್ ಮಾಡಿಕೊಟ್ಟ. ಇವತ್ತು ಇಂಥ ಕೆಲಸಕ್ಕೆ ಕೂತರೆ ಒಂದು ಕೈಯಲ್ಲಿ ಓಕಿಯ ಹಾಳೆ, ಇನ್ನೊಂದು ಕೈಯಲ್ಲಿ ಡ್ರೂನ ಟೇಪು.

ಹಾಳೆಯ ಹಿಂದೆ ನಂಬರ್ ಮುಂದೆ ಪಿ ಅಕ್ಷರ ಇದೆಯೇ ನೋಡಿ. ಪಿ1500 ಅಂದರೆ ಕಾಳಿನ ಸರಾಸರಿ ಗಾತ್ರ 12.6 ಮೈಕ್ರಾನ್. ಪಿ2000 ಅಂದರೆ 10.3, ಪಿ2500 ಅಂದರೆ 8.4. ಪಿ ಇಲ್ಲದ ಹಳೆಯ ಅಮೆರಿಕನ್ ಅಳತೆ ಬೇರೆ. ಅದರ 600 ನಂಬರ್ ಹಾಳೆ ಪಿ1200ಕ್ಕೆ ಹತ್ತಿರ. ಎರಡನ್ನೂ ಬೆರೆಸಿ ತಂದರೆ ಲೆಕ್ಕ ತಪ್ಪುತ್ತದೆ.

ಆದರೆ ಸರಾಸರಿ ಬರೀ ಸರಾಸರಿ. ಮುಖ್ಯವಾದದ್ದು ಎಲ್ಲಾ ಕಾಳೂ ಒಂದೇ ಸೈಜ್ ಇದೆಯಾ ಅನ್ನುವುದು. ಆನ್‌ಲೈನ್‌ನಲ್ಲಿ 400ರಿಂದ 3000ದವರೆಗೆ ಎಲ್ಲಾ ನಂಬರ್ ಇರುವ ಒಂದು ಅಗ್ಗದ ಪ್ಯಾಕ್ ತರಿಸಿದ್ದೆ. ಹೆಸರು ಬೇಡ. ಅದರ 2000 ಹಾಳೆಯನ್ನು ಹಳೇ ಡಿಕ್ಕಿ ಬಾಗಿಲಿನ ಮೇಲೆ ಪರೀಕ್ಷೆ ಮಾಡಿದೆ. ಹತ್ತಿಪ್ಪತ್ತು ಸಲ ಎಳೆಯುವಷ್ಟರಲ್ಲಿ ಒಂದು ಉದ್ದ ಗೀರು, ಉಗುರಿಗೆ ಸಿಗುವಷ್ಟು ಆಳ. ಎಲ್ಲೋ ಒಂದು ದಪ್ಪ ಕಾಳು ಸೇರಿಕೊಂಡಿದೆ. ಸಾವಿರ ಕಾಳು ಸರಿಯಿದ್ದು ಒಂದು ಕೆಟ್ಟರೂ ಮುಗೀತು, ಅನ್ನದಲ್ಲಿ ಒಂದೇ ಕಲ್ಲು ಸಿಕ್ಕ ಹಾಗೆ. ಆ ಗೀರು ತೆಗೆಯಲು ಸುತ್ತಲಿನ ಅಷ್ಟೂ ಕ್ಲಿಯರ್ ಇಳಿಸಬೇಕು, ಮೈಕ್ರಾನ್ ಖರ್ಚಾಗುವುದೇ ಹೀಗೆ. ಆ ಪ್ಯಾಕ್ ಈಗ ಮನೆಯಲ್ಲಿ ಕುಡುಗೋಲು, ಈಳಿಗೆ ಮಣೆ ಉಜ್ಜಲು ಇದೆ.

ವೆಟ್‌ಆರ್‌ಡ್ರೈನಲ್ಲಿ ನನಗೆ ಅಂಥ ಒಂದು ಗೀರೂ ಬರಲಿಲ್ಲ. 401ಕ್ಯೂ ಅಂತ ಬರೆದಿರುವ ಹಾಳೆ ಕೇಳಿ. ತೆಳು ಕಾಗದ, ನೆಂದ ಮೇಲೆ ಬಟ್ಟೆ ಥರ ಬಾಗುತ್ತದೆ, ಮಡಿಸಿದಲ್ಲಿ ಪುಡಿ ಉದುರುವುದಿಲ್ಲ. ಒಂದು ಹಾಳೆಯನ್ನು ನಾಲ್ಕು ತುಂಡು ಮಾಡಿದರೆ ಒಂದು ತುಂಡಿಗೆ ಅರ್ಧ ಡೋರ್ ಆರಾಮಾಗಿ ಆಗುತ್ತದೆ. ಹಾಳೆಗೆ ಮಾಮೂಲಿ ಪೇಪರ್‌ಗಿಂತ ರೇಟು ಜಾಸ್ತಿ, ನಿಜ. ಆದರೆ ಇಡೀ ಝೆನ್‌ಗೆ ಬೇಕಾದ ಹಾಳೆಗಳ ಒಟ್ಟು ಖರ್ಚು ಒಂದು ಬಾಟಲಿ ಪಾಲಿಶ್‌ಗಿಂತ ಕಡಿಮೆ ಆಯಿತು. ಬೆಂಗಳೂರಿನವರು ಜೆಸಿ ರೋಡ್, ಎಸ್‌ಜೆಪಿ ರೋಡ್ ಕಡೆ ಹೋದರೆ ಬಿಡಿ ಹಾಳೆ ಸಿಗುತ್ತದೆ, ಪೂರ್ತಿ ಪ್ಯಾಕ್ ಬೇಕಿಲ್ಲ.

ನಮ್ಮ ದೇಶದ ಕಾರ್ಬೊರಂಡಮ್ ಯೂನಿವರ್ಸಲ್ ಕಂಪನಿಯ ಹಾಳೆಗಳೂ ಒಳ್ಳೆಯವೇ. 1954ರಿಂದ ಚೆನ್ನೈನಲ್ಲಿ ಇದ್ದಾರೆ, ಅವರ ಚಕ್ರಗಳ ಜೊತೆ ನನ್ನ ಸರ್ವೀಸ್ ಪೂರ್ತಿ ಕಳೆದಿದೆ. ಪ್ರೈಮರ್ ಉಜ್ಜಲು 400, 600, 800 ಎಲ್ಲಾ ಅವರದ್ದೇ ಬಳಸಿದೆ. ಒಂದು ಮಾತೂ ಆಡುವ ಹಾಗಿಲ್ಲ. ಕ್ಲಿಯರ್‌ಗೆ ಮಾತ್ರ 3ಎಂ.

ಉಜ್ಜುವ ಕ್ರಮದಲ್ಲಿ ನನ್ನ ಅಭಿಪ್ರಾಯ ಪೇಂಟರ್‌ಗಳಿಗಿಂತ ಸ್ವಲ್ಪ ಬೇರೆ. ಅವರು 1000ದಿಂದ ಶುರು ಮಾಡಿ 2000ಕ್ಕೆ ನಿಲ್ಲಿಸಿ, ಉಳಿದದ್ದನ್ನು ರಬ್ಬಿಂಗ್ ಕಾಂಪೌಂಡ್ ಮತ್ತು ಉಣ್ಣೆ ಪ್ಯಾಡ್ ಮೇಲೆ ಬಿಡುತ್ತಾರೆ. ಅವರಿಗೆ ಟೈಮ್ ದುಡ್ಡು, ಅದು ಸರಿ. ನಮಗೆ ಭಾನುವಾರ ಪುಕ್ಕಟೆ. ಆರೆಂಜ್ ಪೀಲ್‌ಗೆ ಪಿ1500ರಿಂದ ಶುರು ಮಾಡಿ. ಸೋರಿಕೆ ಇದ್ದ ಜಾಗಕ್ಕೆ ಮಾತ್ರ ಪಿ1000. ಅದನ್ನೂ ಅಂಗುಲ ಅಗಲದ ಗಟ್ಟಿ ಬ್ಲಾಕ್‌ಗೆ ಸುತ್ತಿ ಸೋರಿಕೆಯ ತಲೆ ಮೇಲಷ್ಟೇ ಆಡಿಸಿ, ಅಕ್ಕಪಕ್ಕಕ್ಕೆ ಟೇಪ್ ಇರಲಿ.

1500 ಮಟ್ಟ ಮಾಡುತ್ತದೆ. ಆಮೇಲಿನ ಎಲ್ಲಾ ನಂಬರ್‌ಗಳ ಕೆಲಸ ಹಿಂದಿನ ಹಾಳೆಯ ಗೀರು ಅಳಿಸುವುದು, ಅಷ್ಟೇ. ಅದಕ್ಕೇ ಒಂದು ನಂಬರ್ ಉದ್ದಕ್ಕೆ ಎಳೆದರೆ ಮುಂದಿನದನ್ನು ಅಡ್ಡಕ್ಕೆ ಎಳೆಯಿರಿ. ಉದ್ದದ ಗೀರು ಪೂರ್ತಿ ಹೋಗಿ ಬರೀ ಅಡ್ಡದ ಗೀರು ಕಂಡರೆ ಆ ನಂಬರ್ ಮುಗಿಯಿತು. ಸುತ್ತ ಸುತ್ತ ಉಜ್ಜಿದರೆ ಯಾವುದು ಯಾರ ಗೀರು ಅಂತ ಗೊತ್ತಾಗುವುದೇ ಇಲ್ಲ. ನಂಬರ್ ಬದಲಿಸುವಾಗ ಕಾರು, ಬಕೆಟ್, ಬ್ಲಾಕ್, ಕೈ ಎಲ್ಲಾ ತೊಳೆಯಿರಿ. 1500ರ ಒಂದು ಕಾಳು 2500ರ ಹಾಳೆ ಕೆಳಗೆ ಸೇರಿದರೂ ಸಾಕು, ಮತ್ತೆ ಹಿಂದಿನಿಂದ.

ಬೆರಳಿನಲ್ಲಿ ಹಾಳೆ ಒತ್ತಬೇಡಿ. ಬೆರಳಿದ್ದಲ್ಲಿ ಜಾಸ್ತಿ, ಸಂದಿಯಲ್ಲಿ ಕಡಿಮೆ ತಿಂದು ಕಾಲುವೆ ಬೀಳುತ್ತದೆ. ಉಬ್ಬಿರುವ ಬಾನೆಟ್‌ಗೆ ಮೆತ್ತನೆಯ ರಬ್ಬರ್ ಬ್ಲಾಕ್ ಸಾಕು. ನಾನು ಶಾಪ್‌ನಲ್ಲಿ ಬಿದ್ದಿದ್ದ ರಬ್ಬರ್ ಶೀಟ್ ಕತ್ತರಿಸಿ ಮಾಡಿಕೊಂಡೆ. ಭಾರ ಹಾಕುವುದು ಬೇಡ, ಬ್ಲಾಕ್‌ನ ತೂಕವೇ ಹೆಚ್ಚೂಕಡಿಮೆ ಸಾಕು. ಡೋರ್ ಗೆರೆ, ಬಾನೆಟ್ ಅಂಚು, ಹ್ಯಾಂಡಲ್ ಸುತ್ತ ಎರಡು ಸುತ್ತು ಮಾಸ್ಕಿಂಗ್ ಟೇಪ್. ಅಂಚಿನಲ್ಲಿ ಬಣ್ಣ ನಿಲ್ಲುವುದೇ ತೆಳ್ಳಗೆ, ಹಾಳೆಯ ಭಾರ ಬೀಳುವುದೂ ಅಲ್ಲೇ. ಕೊನೆಯಲ್ಲಿ ಟೇಪ್ ಕಿತ್ತು 2500 ಹಾಳೆಯಲ್ಲಿ ಬರಿಗೈಯಲ್ಲಿ ನಾಲ್ಕು ಸಲ ಸವರಿದರೆ ಆಯಿತು.

ನೀರಿನ ಬಗ್ಗೆ ಯಾರೂ ಹೇಳುವುದಿಲ್ಲ, ನಾನು ಹೇಳುತ್ತೇನೆ. ನಮ್ಮ ಕಡೆ ಬೋರ್ ನೀರು, ಗಡಸು. ಕಾರಿನ ಮೇಲೆ ಆರಿದರೆ ಬಿಳಿ ಕಲೆ. ಬಿಸಿಲಿಗೆ ಕಾದ ತಗಡಿನ ಮೇಲಾದರೆ ಆ ಕಲೆ ಕಚ್ಚಿಕೊಂಡುಬಿಡುತ್ತದೆ. ಹಿಡಿದಿಟ್ಟ ಮಳೆ ನೀರು ಇದ್ದರೆ ಬಹಳ ಒಳ್ಳೆಯದು. ಮನೆಯ ಆರ್‌ಓ ಮಷಿನ್‌ನ ವೇಸ್ಟ್ ನೀರು ಮಾತ್ರ ಬೇಡವೇ ಬೇಡ. ಬೋರ್ ನೀರಿನ ಉಪ್ಪೆಲ್ಲಾ ಗಟ್ಟಿಯಾಗಿ ಸೇರಿರುವುದು ಅದರಲ್ಲೇ. ಬಕೆಟ್‌ಗೆ ಎರಡು ಹನಿ ಕಾರ್ ಶಾಂಪೂ ಹಾಕಿ, ಹಾಳೆಗಳನ್ನು ಕಾಲು ಗಂಟೆ ನೆನೆಸಿ. ಶಾಂಪೂ ಇದ್ದರೆ ಹಾಳೆ ಜಾರುತ್ತದೆ, ಕೊಳೆ ಕಟ್ಟಿಕೊಳ್ಳುವುದಿಲ್ಲ.

ಉಜ್ಜುವಾಗ ಬರುವ ನೀರು ಹಾಲಿನ ಬಣ್ಣ ಇರಬೇಕು. ಅದು ಕ್ಲಿಯರ್. ನೀಲಿ ಕಂಡ ಕ್ಷಣ ನಿಲ್ಲಿಸಿ, ನೀವು ಬಣ್ಣಕ್ಕೆ ಇಳಿದಿದ್ದೀರಿ. ಆಮೇಲೆ ಪಾಲಿಶ್‌ನಿಂದ ಏನೂ ಆಗದು, ಮತ್ತೆ ಗನ್ನು ಹಿಡಿಯಬೇಕು. ಹಳೇ ವೈಪರ್ ರಬ್ಬರ್‌ನಿಂದ ನೀರು ಎಳೆದು ಆಗಾಗ ನೋಡಿ. ಮಟ್ಟ ಆದ ಜಾಗ ಮಾಸಲು ಬಿಳಿ, ಇನ್ನೂ ತಗ್ಗಿರುವ ಜಾಗ ಹೊಳೆಯುವ ಚುಕ್ಕಿ. ಚುಕ್ಕಿ ಕಡಿಮೆಯಾಗುತ್ತಾ ಬರುತ್ತದೆ. ಇಲ್ಲಿ ಮನಸ್ಸು ಹಿಡಿಯುವುದು ಕಷ್ಟ. ಕೊನೆಯ ಚುಕ್ಕಿಯನ್ನೂ ತೆಗೆಯಬೇಕು ಅನಿಸುತ್ತದೆ. ಬೇಡ. ಅಲ್ಲೊಂದು ಇಲ್ಲೊಂದು ಚುಕ್ಕಿ ಉಳಿದರೂ ಪಾಲಿಶ್ ಆದ ಮೇಲೆ ಹುಡುಕಿದರೂ ಸಿಗುವುದಿಲ್ಲ. ಟಾಪ್ ಮೇಲಿನ ಸೊಳ್ಳೆಯ ಒಂದು ಕಾಲು ಇನ್ನೂ ನನ್ನ ಕ್ಲಿಯರ್ ಒಳಗೇ ಇದೆ, ಇರಲಿ.

ಇನ್ನು ಟ್ರೈಜ್ಯಾಕ್ಟ್ 3000. ಮೊದಲು ರೇಟು ನೋಡಿ ಬಿಟ್ಟು ಬರೋಣ ಅನಿಸಿತ್ತು, ಒಂದು ಡಿಸ್ಕ್‌ನ ದುಡ್ಡಿಗೆ ಹತ್ತಾರು ಹಾಳೆ ಬರುತ್ತದೆ. ಬಳಸಿದ ಮೇಲೆ ಮನಸ್ಸು ಬದಲಾಯಿತು. ಇದು ಪುಡಿ ಉದುರಿಸಿ ಅಂಟಿಸಿದ ಕಾಗದವೇ ಅಲ್ಲ. ಮೆತ್ತನೆಯ ಫೋಮ್ ಮೇಲೆ ಒಂದೇ ಅಳತೆಯ ಸಣ್ಣ ಪಿರಮಿಡ್‌ಗಳ ಸಾಲು, ಆ ಪಿರಮಿಡ್ ಒಳಗೆಲ್ಲಾ ಸಣ್ಣ ಕಾಳು. ತುದಿ ಸವೆದ ಹಾಗೆ ಒಳಗಿನ ಹೊಸ ಕಾಳು ಮೇಲೆ ಬರುತ್ತದೆ. ಗ್ರೈಂಡಿಂಗ್ ಚಕ್ರವನ್ನು ವಜ್ರದಿಂದ ಡ್ರೆಸ್ ಮಾಡಿ ಹೊಸ ಮೈ ತೆಗೆಯುವುದು ನಮ್ಮ ದಿನದ ಕೆಲಸ, ಇದು ತನಗೆ ತಾನೇ ಡ್ರೆಸ್ ಮಾಡಿಕೊಳ್ಳುತ್ತದೆ. ಅದಕ್ಕೇ ಇಷ್ಟವಾಯಿತೋ ಏನೋ. ಡಿಎ ಮಷಿನ್‌ಗೆ (ತಿರುಗುತ್ತಾ ಅಲುಗುವ ಪಾಲಿಶ್ ಮಷಿನ್) ಹಾಕಿ, ನೀರು ಚಿಮುಕಿಸಿ, ಕಡಿಮೆ ಸ್ಪೀಡಿನಲ್ಲಿ ಓಡಿಸಿ. 2500ರ ಮಾಸಲು ಹೋಗಿ ಮೇಲ್ಮೈಯಲ್ಲಿ ಮಂಕಾದ ಬಿಂಬ ಕಾಣಲು ಶುರುವಾಗುತ್ತದೆ, ಇನ್ನೂ ಒಂದು ತೊಟ್ಟು ಕಾಂಪೌಂಡ್ ಮುಟ್ಟದೆ! ಇಡೀ ಕಾರಿಗೆ ಒಂದೇ ಡಿಸ್ಕ್ ಬಂತು, ಇನ್ನೂ ಜೀವ ಉಳಿದಿದೆ. ಪ್ರತಿ ಡೋರ್ ಆದ ಮೇಲೆ ನೀರಿನಲ್ಲಿ ಹಿಂಡಿ ತೊಳೆಯಬೇಕು, ಅಷ್ಟೇ ಸೇವೆ.

ನನ್ನ ಇಡೀ ವಾದ ಇರುವುದು ಇಲ್ಲೇ. 2000ಕ್ಕೆ ನಿಲ್ಲಿಸಿದರೆ ಆ ಗೀರು ತೆಗೆಯಲು ಒರಟು ಕಾಂಪೌಂಡ್, ಉಣ್ಣೆ ಪ್ಯಾಡ್, ಜೋರು ಮಷಿನ್, ಜೋರು ಬಿಸಿ ಬೇಕು. 3000 ದಾಟಿದರೆ ಸಾಧಾರಣ ಮಷಿನ್ನೂ ಸಾಕು, ಸಾಧಾರಣ ಕಾಂಪೌಂಡೂ ಸಾಕು. ಪಾಲಿಶ್ ತೆಗೆಯುವುದು ಒಂದರಿಂದ ಮೂರು ಮೈಕ್ರಾನ್. ಅಷ್ಟರಲ್ಲಿ ಮುಗಿಯುವಷ್ಟು ಕೆಲಸ ಮಾತ್ರ ಅದಕ್ಕೆ ಉಳಿಸಬೇಕು.

ಮಷಿನ್ ವಿಷಯ ಬೇಗ ಮುಗಿಸುತ್ತೇನೆ. ರೋಟರಿ ಒಂದೇ ಜಾಗದಲ್ಲಿ ಗಿರ್ರನೆ ತಿರುಗುತ್ತದೆ. ಬೇಗ ಕತ್ತರಿಸುತ್ತದೆ, ಬೇಗ ಸುಡುತ್ತದೆ. ಪೇಂಟಿಂಗ್ ಶಾಪ್‌ಗಳಲ್ಲಿ ಇರುವುದು ಇದೇ, ಅವರ ಕೈ ಪಳಗಿರುತ್ತದೆ. ಡಿಎ ತಿರುಗುತ್ತಾ ಜೊತೆಗೆ ಅಲುಗುತ್ತದೆ, ಬಿಸಿ ಒಂದೆಡೆ ನಿಲ್ಲುವುದಿಲ್ಲ. ಮನೆಗೆ ಡಿಎ. ಷರತ್ತು ಎರಡೇ: ಸ್ಪೀಡ್ ಕಡಿಮೆ ಮಾಡುವ ಚಕ್ರ ಇರಬೇಕು, ಸ್ವಲ್ಪ ಒತ್ತಿದರೆ ಪ್ಯಾಡ್ ತಿರುಗುವುದು ನಿಲ್ಲಬಾರದು. ಪ್ಯಾಡ್ ಅಂಚಿಗೆ ಮಾರ್ಕರ್‌ನಿಂದ ಒಂದು ಗೆರೆ ಹಾಕಿಕೊಳ್ಳಿ, ಅದು ತಿರುಗುತ್ತಿದೆಯೋ ಬರೀ ನಡುಗುತ್ತಿದೆಯೋ ಗೊತ್ತಾಗುತ್ತದೆ. ನನ್ನದು ದುಬಾರಿಯದ್ದಲ್ಲ, ಸದ್ದು ಮಿಕ್ಸಿಗಿಂತ ಜಾಸ್ತಿ, ಕೆಲಸಕ್ಕೆ ಕೊರತೆ ಇಲ್ಲ. ಡ್ರಿಲ್ ಮಷಿನ್‌ಗೆ ಸಿಕ್ಕಿಸುವ ಪಾಲಿಶ್ ಪ್ಯಾಡ್ ಬರುತ್ತದಲ್ಲ, ಅದು ಬೇಡ. ಹಿಡಿತ ಸಿಗದು, ಒಂದು ಅಂಚು ಮಾತ್ರ ಒತ್ತುತ್ತದೆ.

ಕಾಂಪೌಂಡ್‌ಗಳಲ್ಲಿ ಎರಡು ಜಾತಿ. ಒಂದರಲ್ಲಿ ಕಾಳು ಉಜ್ಜುತ್ತಾ ಒಡೆದು ಸಣ್ಣದಾಗುತ್ತದೆ, ಅದನ್ನು ಪೂರ್ತಿ ಓಡಿಸಬೇಕು. ಇನ್ನೊಂದರಲ್ಲಿ ಕಾಳು ಮೊದಲಿಂದಲೂ ಸಣ್ಣದು, ಅದು ಒಡೆಯುವುದಿಲ್ಲ. ಮೆಗ್ವಾಯರ್ಸ್ 205 ಎರಡನೇ ಜಾತಿಯದು. ಎಣ್ಣೆಯಂಥ ಪಸೆ ಇದೆ, ಬೇಗ ಒಣಗುವುದಿಲ್ಲ, ಮೆತ್ತನೆಯ ಫೋಮ್ ಪ್ಯಾಡ್ ಮೇಲೆ ಕಡು ನೀಲಿಯಲ್ಲಿ ಒಂದು ಸುರುಳಿ ಗುರುತೂ ಬಿಡಲಿಲ್ಲ. ಅದಕ್ಕೆ ಮೊದಲು ಮೈಕ್ರೋಫೈಬರ್ ಪ್ಯಾಡ್ ಮೇಲೆ ಒಂದು ಕಟಿಂಗ್ ಕಾಂಪೌಂಡ್ ಓಡಿಸಿದೆ. ಅದು ಬೇಗ ಒಣಗಿ ಶೆಡ್ ತುಂಬಾ ಬಿಳಿ ಧೂಳು ಎಬ್ಬಿಸಿತು, ವೈಪರ್ ಸಂದಿಯಿಂದ ಇನ್ನೂ ಬರುತ್ತಿದೆ. ಕತ್ತರಿಸುವುದರಲ್ಲಿ ದೋಷ ಇಲ್ಲ. ಅದರ ಹೆಸರು ಹೇಳದೆ ಇರುವುದೇ ವಾಸಿ, ನಮ್ಮ ಏಪ್ರಿಲ್ ಬಿಸಿಲಲ್ಲಿ ಇನ್ನೊಂದೂ ಹಾಗೇ ಆಡುತ್ತಿತ್ತೇನೋ. ಏನೇ ಬಳಸಿ, ಎರಡು ಅಡಿ ಚೌಕಕ್ಕಿಂತ ದೊಡ್ಡ ಜಾಗ ಒಮ್ಮೆಲೇ ಹಿಡಿಯಬೇಡಿ. ಪ್ಯಾಡ್ ಮೇಲೆ ಬಟಾಣಿ ಗಾತ್ರದ ನಾಲ್ಕು ಚುಕ್ಕಿ ಸಾಕು. ಪ್ಯಾಡ್ ಆಗಾಗ ಬ್ರಷ್‌ನಿಂದ ಉಜ್ಜಿ, ಸತ್ತ ಕ್ಲಿಯರ್ ಕಟ್ಟಿಕೊಂಡರೆ ಅದೇ ಗೀರು ಹಾಕುತ್ತದೆ.

ಹೊಳಪು ಬಂತು ಅಂತ ಕುಣಿಯುವ ಮೊದಲು ಒಂದು ಪರೀಕ್ಷೆ. ಮೆಡಿಕಲ್ ಶಾಪ್‌ನಲ್ಲಿ ಸಿಗುವ ಐಸೋಪ್ರೊಪೈಲ್ ಆಲ್ಕೋಹಾಲ್‌ಗೆ ಅಷ್ಟೇ ನೀರು ಬೆರೆಸಿ ಮೆತ್ತನೆಯ ಬಟ್ಟೆಯಲ್ಲಿ ಒರೆಸಿ. ಪಾಲಿಶ್‌ನ ಎಣ್ಣೆ ಗೀರಿನೊಳಗೆ ತುಂಬಿ ಕಣ್ಣು ಕಟ್ಟಿರುತ್ತದೆ, ಇದು ಅದನ್ನು ತೆಗೆಯುತ್ತದೆ. ಆಮೇಲೂ ಹೊಳೆದರೆ ಅದು ನಿಜವಾದ ಹೊಳಪು. ಡೆಲಿವರಿ ದಿನ ಫಳಫಳ ಅಂದ ಕಾರು ಮೂರು ವಾಶ್ ಆದ ಮೇಲೆ ಮಂಕಾಗುವುದು, ಬಿಸಿಲಲ್ಲಿ ಸುರುಳಿ ಸುರುಳಿ ಗೀರು ಕಾಣುವುದು ಈ ಪರೀಕ್ಷೆ ಮಾಡದೇ ಕೊಟ್ಟಾಗಲೇ. ಕಾರನ್ನು ಬೇರೆಯವರ ಹತ್ತಿರ ಪಾಲಿಶ್ ಮಾಡಿಸಿದರೂ ಒಂದು ಮೂಲೆಯಲ್ಲಿ ಒರೆಸಿ ನೋಡಿ.

ಯಾವಾಗ ಉಜ್ಜಬೇಕು ಅಂತ ತುಂಬಾ ಜನ ಕೇಳುತ್ತಾರೆ. ಕ್ಲಿಯರ್ ಡಬ್ಬಿಯ ಮೇಲೆ ಬರೆದಿರುವುದನ್ನು ಓದಿ, ಅದೇ ವೇದ. ಗಾಳಿಯಲ್ಲಿ ಒಣಗಿದ 2ಕೆಗೆ ಕನಿಷ್ಠ ಒಂದು ದಿನ ಬಿಡಿ. ನಾನು ವಾರ ಬಿಟ್ಟೆ. ಬೇಗ ಉಜ್ಜಿದರೆ ಹಾಳೆಗೆ ಮೇಣದ ಹಾಗೆ ಕಟ್ಟಿಕೊಳ್ಳುತ್ತದೆ. ಇನ್ನೊಂದು, ಒಳಗಿನ ಥಿನ್ನರ್ ಆಮೇಲೆ ಹೊರಬಂದು ಪಾಲಿಶ್ ಆದ ಮೈ ಮತ್ತೆ ಮಂಕಾಗುತ್ತದೆ. ಇದೇ ಕಾರಣಕ್ಕೆ ವ್ಯಾಕ್ಸ್, ಸೆರಾಮಿಕ್ ಅಂತ ಆತುರ ಬೇಡ, ಒಂದೆರಡು ತಿಂಗಳು ಉಸಿರಾಡಲಿ.

ಟೂತ್‌ಪೇಸ್ಟ್‌ನಿಂದ ಪಾಲಿಶ್ ಮಾಡುವ ವಿಡಿಯೋಗಳ ಬಗ್ಗೆ ಹೇಳಲು ನನಗೆ ಏನೂ ಇಲ್ಲ. ಹಲ್ಲು ಉಜ್ಜಿ.

ಈ ಕೆಲಸ ಯಾರಿಗೆ ಬೇಡ? ಬಿಳಿ ಕಾರಿನವರಿಗೆ. ಬಿಳಿಯಲ್ಲಿ ಆರೆಂಜ್ ಪೀಲ್ ಇದ್ದರೂ ಅಷ್ಟಾಗಿ ಕಾಣುವುದಿಲ್ಲ, ಕ್ಲಿಯರ್ ಉಳಿಸಿಕೊಳ್ಳಿ. ಕಾರ್ಖಾನೆ ಬಣ್ಣ ಹಾಗೇ ಇರುವ ಹೊಸ ಕಾರಿನವರಿಗೂ ಬೇಡ, 40 ಮೈಕ್ರಾನ್‌ನಲ್ಲಿ 15 ಕೊಡುವುದು ದಡ್ಡತನ. ತೋಳು ನೋವು, ಸೊಂಟ ನೋವು ಇದ್ದವರಿಗೆ ಬಾನೆಟ್ ಒಂದನ್ನೇ ಮಾಡಿ ನೋಡಿ ಅಂತೀನಿ. ಡೋರ್‌ನ ಕೆಳಭಾಗ ಉಜ್ಜುವಾಗ ಕೂತರೂ ಕಷ್ಟ, ನಿಂತರೂ ಕಷ್ಟ. ಆ ಭಾಗಕ್ಕೆ ನಾನು 1500 ಮುಟ್ಟಿಸಲೇ ಇಲ್ಲ, ಬರೀ 2500 ಮತ್ತು ಟ್ರೈಜ್ಯಾಕ್ಟ್. ಮೊಣಕಾಲಿನ ಕೆಳಗೆ ಬಗ್ಗಿ ಯಾರೂ ನೋಡಲ್ಲ.

ಡಿಸ್ಕ್‌ನಲ್ಲಿ ಉಳಿದ ಜೀವಕ್ಕೆ ಒಂದು ಉಪಯೋಗ ಹೇಳುತ್ತೇನೆ. ಹಳದಿಯಾದ ಪ್ಲಾಸ್ಟಿಕ್ ಹೆಡ್‌ಲೈಟ್‌ಗೆ 1500, 2000, 2500, ಆಮೇಲೆ ಅದೇ ಟ್ರೈಜ್ಯಾಕ್ಟ್, ಅದೇ 205. ಪಕ್ಕದ ಮನೆಯವರ ವ್ಯಾಗನ್‌ಆರ್‌ಗೆ ಮಾಡಿಕೊಟ್ಟೆ, ಒಂದು ಮಧ್ಯಾಹ್ನದ ಕೆಲಸ. ಆದರೆ ಉಜ್ಜಿದಾಗ ಕಾರ್ಖಾನೆಯ ರಕ್ಷಣೆಯ ಪದರವೂ ಹೋಗುತ್ತದೆ. ಮೇಲೆ ಅತಿನೇರಳೆ ತಡೆಯುವ ಕ್ಲಿಯರ್ ಒಂದು ಕೋಟ್ ಹೊಡೆಯದಿದ್ದರೆ ಮುಂದಿನ ಬೇಸಿಗೆಗೆ ಮತ್ತೆ ಹಳದಿ.